ಎರಡು ನಿಮಿಷದ ಪಾತ್ರಕ್ಕೂ ಒಂದು ಗೊಂಬೆ: ಅಚ್ಚಿನ ಖರ್ಚು ಹೊರುವವರು ಯಾರು?

ಪ್ರಶ್ನೆ: ನಮ್ಮದು ಕಾಸರಗೋಡಿನ ಕುಂಬಳೆ ಹತ್ತಿರ. ನನಗೆ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲು ಆಡಿಸಬಹುದಾದ ಪಾತ್ರಗಳ ಗೊಂಬೆ, ಸಂಗ್ರಹಿಸುವ ಹುಚ್ಚು. ಸಿನಿಮಾದಲ್ಲಿ ನಾಲ್ಕು ಸೆಕೆಂಡು ಬಂದು ಮಾಯವಾಗುವ ಪಾತ್ರಕ್ಕೂ ವಿದೇಶಿ ಕಂಪನಿಗಳು ಗೊಂಬೆ ಮಾಡಿ ಮಾರುತ್ತವೆ. ಅದು ಅವರಿಗೆ ಹೇಗೆ ಗಿಟ್ಟುತ್ತದೆ? ನಾವು ಕೆಲವು ಗೆಳೆಯರು ಸೇರಿ ತೆಂಕುತಿಟ್ಟು ಯಕ್ಷಗಾನದ ಸಣ್ಣ ಪಾತ್ರಗಳ ಗೊಂಬೆ ಮಾಡಿಸಬೇಕು ಅಂತಿದ್ದೇವೆ. ಚಂಡ-ಮುಂಡರು, ಬಾಹುಕ (ರೂಪ ಮರೆಸಿಕೊಂಡ ನಳ), ದೂತ, ಆಟದ ಶುರುವಿನಲ್ಲಿ ಕುಣಿಯುವ ಕೋಡಂಗಿ ಇಂಥವರು. ಅಂಗಡಿಯವರನ್ನು ಕೇಳಿದರೆ "ಕೃಷ್ಣ, ಹನುಮಂತ ಆದರೆ ಹೋಗುತ್ತದೆ, ಇವರನ್ನೆಲ್ಲ ಯಾರು ಕೊಳ್ಳುತ್ತಾರೆ?" ಎನ್ನುತ್ತಾರೆ. ಏನಾದರೂ ದಾರಿ ಇದೆಯೇ?

ಉತ್ತರ: ದಾರಿ ಖಂಡಿತ ಇದೆ. ನಿಮ್ಮ ಪಟ್ಟಿ ನೋಡಿ ತುಂಬಾ ಖುಷಿಯಾಯಿತು. ಕೃಷ್ಣನ ಗೊಂಬೆ ಯಾವ ಜಾತ್ರೆಗೆ ಹೋದರೂ ಸಿಗುತ್ತದೆ. ಕೋಡಂಗಿಯ ಗೊಂಬೆ ಬೇಕು ಅಂತ ಕೇಳಿದವರನ್ನು ನಾನು ನೋಡಿದ್ದು ಇದೇ ಮೊದಲು.

ನಾನು ಹೊಸೂರಿನವನು. ಇಲ್ಲಿನ ಟೂಲ್‌ರೂಮುಗಳಲ್ಲಿ ಪ್ಲಾಸ್ಟಿಕ್ ಅಚ್ಚು ಮಾಡುತ್ತಲೇ ತಲೆ ನರೆತಿದೆ. ಶೆಡ್ಡಿನೊಳಗೆ ಕನ್ನಡ, ತಮಿಳು, ತೆಲುಗು ಮೂರೂ ಓಡಾಡುತ್ತವೆ. ಜಾಸ್ತಿ ಕೆಲಸ ಸ್ಕೂಟರು, ಕಾರಿನ ಬಿಡಿಭಾಗದ್ದು. ನಡುನಡುವೆ ಆಟಿಕೆಯ ಅಚ್ಚೂ ಬರುತ್ತದೆ. ಹಾಗಾಗಿ ಅಚ್ಚು ಮಾಡುವವನ ಕಡೆಯಿಂದಲೇ ಉತ್ತರ ಹೇಳುತ್ತೇನೆ. ಅಂಗಡಿಯವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಎಷ್ಟು ಜನ ಕೊಳ್ಳುತ್ತಾರೆ ಅನ್ನುವುದಕ್ಕೆ ಮೊದಲು, ಅಚ್ಚಿನ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅಂತ ನೋಡಬೇಕು. ಯಾರಿಗೂ ಗೊತ್ತಿಲ್ಲದ ಪಾತ್ರದ ಗೊಂಬೆ ಹೊರಗೆ ಬಂದಿದೆ ಅಂದರೆ, ಆ ಖರ್ಚನ್ನು ಬೇರೆ ಯಾರೋ ಹೊತ್ತಿದ್ದಾರೆ ಅಂತಲೇ ತಿಳಿಯಿರಿ.

ಗೊಂಬೆಯ ಅಚ್ಚು ಅಂದರೆ ಉಕ್ಕಿನ ಎರಡು ಹೋಳು. ನಡುವೆ ಗೊಂಬೆಯ ಕೈಯೋ ಕಾಲೋ ಹಿಡಿಯುವಷ್ಟು ಟೊಳ್ಳು. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಅದರೊಳಗೆ ನುಗ್ಗಿಸುತ್ತೇವೆ. ಉಕ್ಕಿನೊಳಗೆ ಕೊರೆದ ದಾರಿಗಳಲ್ಲಿ ನೀರು ಓಡಾಡಿ ಅದನ್ನು ತಣಿಸುತ್ತದೆ. ಅಚ್ಚು ತೆರೆದಾಗ ಇಜೆಕ್ಟರ್ ಪಿನ್ನುಗಳು ತುಂಡನ್ನು ಹೊರಗೆ ತಳ್ಳುತ್ತವೆ. ಒಂದು ಸಲಕ್ಕೆ ನಿಮಿಷವೂ ಹಿಡಿಯುವುದಿಲ್ಲ. ಆದರೆ ಆ ಅಚ್ಚು ತಯಾರಾಗಲು ವಾರಗಟ್ಟಲೆ ಬೇಕು. ಮೊದಲು ಡ್ರಾಯಿಂಗ್, ಆಮೇಲೆ ಕಂಪ್ಯೂಟರ್ ನಡೆಸುವ ವಿಎಂಸಿ ಮೆಷಿನ್ನಿನಲ್ಲಿ ಉಕ್ಕು ಕಡಿಯುವುದು, ಅಲ್ಲಿ ಕೈಗೂಡದ ಮೂಲೆಗಳನ್ನು ಸ್ಪಾರ್ಕ್ ಮೆಷಿನ್ನಿನಲ್ಲಿ ಕೊರೆಯುವುದು, ಕೊನೆಗೆ ಕೈಯಿಂದ ಪಾಲಿಶ್. ಕೀಲುಗಳು ಜಾಸ್ತಿ ಇರುವ ಗೊಂಬೆಗೆ ಮೂವತ್ತು ಬಿಡಿ ತುಂಡಾದರೂ ಬೇಕಾಗುತ್ತದೆ. ಮೊಣಕೈ ಒಂದಕ್ಕೇ ಮೇಲ್ತೋಳು, ಮುಂಗೈ, ನಡುವಿನ ಪಿನ್ನು ಅಂತ ಮೂರು ತುಂಡು.

ಮದುವೆಗೆ ಹತ್ತು ಜನ ಬಂದರೂ ಸಾವಿರ ಜನ ಬಂದರೂ ಚಪ್ಪರದ ಖರ್ಚು ಅಷ್ಟೇ, ಅಲ್ವಾ? ಅಚ್ಚಿನದೂ ಹಾಗೇ. ಲೆಕ್ಕ ತಿಳಿಯಲು ಒಂದು ಗೊಂಬೆಯ ಅಚ್ಚಿಗೆ 6 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳೋಣ. 6,000 ಗೊಂಬೆ ಮಾರಿದರೆ ಒಂದೊಂದರ ಮೇಲೆ ಬೀಳುವುದು 100 ರೂಪಾಯಿ. 300 ಮಾತ್ರ ಮಾರಿದರೆ 2,000 ರೂಪಾಯಿ. ಪ್ಲಾಸ್ಟಿಕ್, ಬಣ್ಣ, ಪೆಟ್ಟಿಗೆ ಎಲ್ಲ ಇದರ ಮೇಲೆ. ಹನುಮಂತನ ಗೊಂಬೆ 6,000 ಹೋಗಬಹುದು. ಕೋಡಂಗಿ 300 ಹೋದರೆ ಪುಣ್ಯ. ಹಾಗಾದರೆ ಕೋಡಂಗಿಗೆ ಅಂತ ಬೇರೆ ಅಚ್ಚು ಹೂಡುವುದು ಹುಚ್ಚು ಕೆಲಸ. ಹನುಮಂತನಿಗೆ ಹೂಡಿದ ಅಚ್ಚಿನಲ್ಲೇ ಕೋಡಂಗಿಯೂ ಹುಟ್ಟುವಂತೆ ಮೊದಲ ದಿನದಿಂದಲೇ ಯೋಚಿಸುವುದು ಜಾಣ ಕೆಲಸ.

ಇದು ಮೊದಲ ದಾರಿ. ದೊಡ್ಡ ಕಂಪನಿಗಳು ಮಾಡುವುದು ಇದನ್ನೇ. ಅಮೆರಿಕದ ಹ್ಯಾಸ್ಬ್ರೋ ಕಂಪನಿ 1982ರಲ್ಲಿ ಜಿ.ಐ. ಜೋ ಅನ್ನುವ ಸೈನಿಕರ ಗೊಂಬೆಗಳನ್ನು ಮೂರೂಮುಕ್ಕಾಲು ಇಂಚಿಗೆ ಇಳಿಸಿ ಹೊಸದಾಗಿ ತಂದಿತು. ಆ ಮೊದಲ ವರ್ಷದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನ ಕೈ ಇನ್ನೊಬ್ಬನಿಗಿದೆ, ಒಬ್ಬನ ಮುಖ ಮತ್ತೊಬ್ಬನಿಗಿದೆ. ಬಣ್ಣ, ಟೋಪಿ, ಬಂದೂಕು ಬದಲಾಗಿದೆ ಅಷ್ಟೇ. ಅಷ್ಟಾದರೂ ಬಣ್ಣದ ಖರ್ಚು ಮಿತಿ ಮೀರುತ್ತಿತ್ತು. ಅದಕ್ಕೆ ಒಬ್ಬನಿಗೆ ಬಣ್ಣವೇ ಬೇಡ ಅಂತ ತೀರ್ಮಾನಿಸಿದರು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಹಾಗೇ ಪ್ಯಾಕ್ ಮಾಡಿದರು. ಅವನೇ ಸ್ನೇಕ್ ಐಸ್. ಮುಖ ಕಾಣದ, ಮಾತೇ ಆಡದ ಅವನು ಆ ಸರಣಿಯಲ್ಲೇ ಮಕ್ಕಳಿಗೆ ಅತಿ ಇಷ್ಟವಾದವರ ಸಾಲಿಗೆ ಸೇರಿದ. ಪೆಟ್ಟಿಗೆಯ ಹಿಂಭಾಗದಲ್ಲಿ ಪ್ರತಿ ಪಾತ್ರದ ಊರು, ಕಸುಬು, ಸ್ವಭಾವ ಬರೆದ ಒಂದು ಪುಟ್ಟ ಚೀಟಿ ಇರುತ್ತಿತ್ತು. ಅದನ್ನು ಬರೆದವರು ಲ್ಯಾರಿ ಹಾಮಾ. ಸಿನಿಮಾದಲ್ಲೂ ಟೀವಿಯಲ್ಲೂ ನೋಡಿರದ ಪಾತ್ರವನ್ನು ಮಗು ಕೈಗೆತ್ತಿಕೊಳ್ಳಲು ಆ ನಾಲ್ಕು ಸಾಲು ಸಾಕಾಗುತ್ತಿತ್ತು. ಈ ಚೀಟಿಯ ವಿಷಯ ನೆನಪಿಟ್ಟುಕೊಳ್ಳಿ, ನಿಮಗೂ ಇದು ಬೇಕು.

ಅದೇ 1982ರಲ್ಲಿ ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಸರಣಿ ಬಂತು. ಅಚ್ಚು ಮಾಡುವವನ ಕಣ್ಣಿಗೆ ಅದು ಹಬ್ಬ. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿ ಇದೆಯಲ್ಲ, ಅದು ಮೊದಲು ಬಿಗ್ ಜಿಮ್ ಅನ್ನುವ ಬೇರೆ ಸರಣಿಗೆ ಮಾಡಿದ್ದ ಹುಲಿ. ಅಚ್ಚು ಸುಮ್ನೆ ಕೂತಿತ್ತು, ಬಣ್ಣ ಬದಲಿಸಿದರು. ಬೀಸ್ಟ್ ಮ್ಯಾನ್ ಅನ್ನುವವನ ಮೈ ತುಂಬ ಕೂದಲಿನ ಗೆರೆ. ಅದೇ ಅಚ್ಚಿನ ಗೊಂಬೆಗೆ ಹಸಿರು ನಾರಿನ ಪುಡಿ ಅಂಟಿಸಿ, ಪೈನ್ ಮರದ ವಾಸನೆ ಸೇರಿಸಿದರು. ಮಾಸ್ ಮ್ಯಾನ್ ಅನ್ನುವ ಹೊಸಬ ಹುಟ್ಟಿದ. ಮರ್-ಮ್ಯಾನ್ ಅನ್ನುವವನ ತಲೆ, ಮೆಕನೆಕ್ ಅನ್ನುವವನ ಎದೆಕವಚ ಸೇರಿಸಿ ಸ್ಟಿಂಕರ್ ಅನ್ನುವ ಇನ್ನೊಬ್ಬನನ್ನು ಮಾಡಿದರು. ಅವನ ಪ್ಲಾಸ್ಟಿಕ್ಕಿಗೇ ಘಾಟು ವಾಸನೆ ಬೆರೆಸಿದರು. ಇವರಲ್ಲಿ ಯಾರಿಗೂ ಪೂರ್ತಿ ಹೊಸ ಅಚ್ಚು ಇಲ್ಲ. ನಮ್ಮಲ್ಲೂ ಈ ವಿದ್ಯೆ ಬಂದಿದೆ. 1987ರಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್ಬ್ರೋ ಸೇರಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ಜಿ.ಐ. ಜೋ ಅಚ್ಚುಗಳಲ್ಲಿ ತನ್ನದೇ ಬಣ್ಣಗಳ ಗೊಂಬೆ ತೆಗೆಯಿತು. ಅಲ್ಲಿ ಎಲ್ಲೂ ಕಾಣದ ಆ ಬಣ್ಣಗಳಿಗಾಗಿ ವಿದೇಶದ ಸಂಗ್ರಹಕಾರರು ಇವತ್ತಿಗೂ ಹುಡುಕುತ್ತಾರೆ.

ಎರಡನೆಯ ದಾರಿ, ಗೊತ್ತಿಲ್ಲದವರನ್ನು ಒಬ್ಬೊಬ್ಬರಾಗಿ ಮಾರದೆ ಸೆಟ್ಟಿನಲ್ಲಿ ಮಾರುವುದು. 1978ರಲ್ಲಿ ಕೆನರ್ ಕಂಪನಿ ಸಿಯರ್ಸ್ ಅಂಗಡಿಗಳಿಗಾಗಿ ಸ್ಟಾರ್ ವಾರ್ಸ್ ಸಿನಿಮಾದ ಪಾನಗೃಹದ ದೃಶ್ಯವನ್ನು ಒಂದು ಸೆಟ್ ಮಾಡಿತು. ಅದರಲ್ಲಿ ನಾಲ್ಕು ವಿಚಿತ್ರ ಜೀವಿಗಳಿದ್ದವು. ತೆರೆಯ ಮೇಲೆ ಕ್ಷಣಮಾತ್ರ ಕಾಣುವವರೂ ಅವರಲ್ಲಿ ಇದ್ದರು. ಸ್ನ್ಯಾಗಲ್‌ಟೂತ್ ಅನ್ನುವವನ ಕಥೆ ನಮ್ಮ ಕಸುಬಿನವರಿಗೆ ತುಂಬಾ ಇಷ್ಟ. ಗೊಂಬೆ ಮಾಡುವವರ ಕೈಗೆ ಸಿಕ್ಕಿದ್ದು ಸೊಂಟದಿಂದ ಮೇಲಿನ ಫೋಟೊ ಮಾತ್ರ. ಅವರು ಅಂದಾಜಿನಲ್ಲಿ ಎತ್ತರದ ಆಳು ಮಾಡಿ ನೀಲಿ ಬಟ್ಟೆ ತೊಡಿಸಿದರು. ಸಿನಿಮಾದಲ್ಲಿ ಅವನು ಕುಳ್ಳ, ಬಟ್ಟೆ ಕೆಂಪು. ಆಮೇಲೆ ತಿದ್ದಿ ಕುಳ್ಳಗೆ ಕೆಂಪಗೆ ಮಾಡಿದರು. ಈಗ ಬೆಲೆ ಜಾಸ್ತಿ ಇರುವುದು ಆ ನೀಲಿಯವನಿಗೆ. ನೀವು ಮಾಡುವಾಗ ವೇಷದ ಫೋಟೊಗಳನ್ನು ಮುಂದೆ, ಹಿಂದೆ, ಎರಡೂ ಪಕ್ಕ, ನಿಂತು, ಕೂತು ಎಲ್ಲ ಭಂಗಿಯಲ್ಲೂ ತೆಗೆದಿಟ್ಟುಕೊಳ್ಳಿ. ರಂಗಸ್ಥಳದ ಎದುರು ಕೂತು ತೆಗೆದ ಫೋಟೊದಲ್ಲಿ ಬೆನ್ನಿನ ಕಡೆ ಕಟ್ಟು ಹೇಗಿದೆ ಅಂತ ಗೊತ್ತೇ ಆಗುವುದಿಲ್ಲ.

ಸೆಟ್ಟಿನ ಇನ್ನೊಂದು ರೂಪ ಬಿಡಿ ಭಾಗ ಕೂಡಿಸುವುದು. ಟಾಯ್ ಬಿಜ್ ಕಂಪನಿ 2005ರಲ್ಲಿ ಮಾರ್ವೆಲ್ ಲೆಜೆಂಡ್ಸ್ ಸರಣಿಯಲ್ಲಿ ಗ್ಯಾಲಕ್ಟಸ್ ಅನ್ನುವ ದೈತ್ಯನನ್ನು ಹಾಗೆ ಕೊಟ್ಟಿತು. ಪ್ರತಿ ಗೊಂಬೆಯ ಪೆಟ್ಟಿಗೆಯಲ್ಲೂ ದೈತ್ಯನ ಒಂದು ಕೈಯೋ ಕಾಲೋ. ಎಲ್ಲ ಗೊಂಬೆ ಕೊಂಡರೆ ದೈತ್ಯ ಪೂರ್ತಿ. ಆ ಸಾಲಿನಲ್ಲಿ ಯಾರಿಗೂ ಬೇಡವಾದ ಒಬ್ಬಿಬ್ಬರು ಇದ್ದೇ ಇರುತ್ತಾರೆ. ದೈತ್ಯನ ಎಡಗಾಲಿಗಾಗಿ ಅವರನ್ನೂ ಜನ ಕೊಳ್ಳುತ್ತಾರೆ. ಹ್ಯಾಸ್ಬ್ರೋ ಈ ಸರಣಿಯನ್ನು ವಹಿಸಿಕೊಂಡ ಮೇಲೂ ಈ ಪದ್ಧತಿ ಬಿಡಲಿಲ್ಲ. ನನ್ನ ಮಟ್ಟಿಗೆ ಇದು ಬಹಳ ಪ್ರಾಮಾಣಿಕ ಉಪಾಯ. ಕೊಳ್ಳುವವನಿಗೆ ಏನು ಸಿಗುತ್ತದೆ ಅಂತ ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಒಳಗೆ ಯಾರಿದ್ದಾರೆ ಅಂತ ತಿಳಿಸದೆ ಮುಚ್ಚಿದ ಚೀಲದಲ್ಲಿ ಮಾರುವ ಪದ್ಧತಿಯೂ ಇದೆ. ಲೆಗೊ 2010ರಿಂದ ಪುಟ್ಟ ಗೊಂಬೆಗಳನ್ನು ಹಾಗೆ ಮಾರಿದೆ. ಮಕ್ಕಳು ಅದೇ ಗೊಂಬೆ ಮತ್ತೆ ಬಂತು ಅಂತ ಅಳುವುದನ್ನು ನೋಡಿದ್ದೇನೆ. ನಿಮಗೆ ಅದು ಬೇಡ.

ಮೂರನೆಯದು, ದುಡ್ಡು ಮೊದಲು, ಗೊಂಬೆ ಆಮೇಲೆ. ಕೆನರ್ 1979ರಲ್ಲಿ ಸ್ಟಾರ್ ವಾರ್ಸಿನ ಬೋಬಾ ಫೆಟ್ ಅನ್ನುವವನನ್ನು ಅಂಚೆಯಲ್ಲಿ ಕಳಿಸಿತು. ಬೇರೆ ನಾಲ್ಕು ಗೊಂಬೆ ಕೊಂಡ ಗುರುತು ಕತ್ತರಿಸಿ ಕಳಿಸಿದವರಿಗೆ ಅವನು ಸಿಗುತ್ತಿದ್ದ. ಅವನು ದೊಡ್ಡ ಪರದೆಗೆ ಬಂದದ್ದು 1980ರಲ್ಲಿ. ಅಂದರೆ ಜನ ಸಿನಿಮಾದಲ್ಲಿ ನೋಡಿಯೇ ಇರದ ಪಾತ್ರಕ್ಕೆ ಕಂಪನಿ ಮೊದಲೇ ಗಿರಾಕಿ ಹುಟ್ಟಿಸಿಕೊಂಡಿತು. ಬೆನ್ನಿನ ರಾಕೆಟ್ ಹಾರುವಂತೆ ಮಾಡುವ ಯೋಚನೆಯಿತ್ತು. ಬೇರೆ ಕಂಪನಿಯ ಆಟಿಕೆಯ ಅಂಥದೇ ತುಂಡು ಗಂಟಲಿಗೆ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ಹಾಗಾಗಿ ರಾಕೆಟ್ಟನ್ನು ಬೆನ್ನಿಗೇ ಅಂಟಿಸಿಬಿಟ್ಟರು.

ಈ ಕಾಲದಲ್ಲಿ ಅದೇ ಕೆಲಸ ಮುಂಗಡ ಬರೆಸಿಕೊಂಡು ನಡೆಯುತ್ತದೆ. ಹ್ಯಾಸ್ಬ್ರೋ 2018ರಲ್ಲಿ ಹ್ಯಾಸ್‌ಲ್ಯಾಬ್ ಅಂತ ಶುರು ಮಾಡಿತು. ಸ್ಟಾರ್ ವಾರ್ಸಿನ ಜಬ್ಬಾನ ದೊಡ್ಡ ನೌಕೆ, ಬೆಲೆ 499.99 ಡಾಲರ್. 5,000 ಜನ ಬರೆಸಿದರೆ ಮಾಡುತ್ತೇವೆ, ಇಲ್ಲದಿದ್ದರೆ ಇಲ್ಲ ಅಂದರು. 8,810 ಜನ ಬರೆಸಿದರು. ಆ ನೌಕೆಯ ಜೊತೆ ಯಾಕ್ ಫೇಸ್ ಅನ್ನುವ ಪುಟ್ಟ ಗೊಂಬೆಯೊಂದು ಬಂತು. ಇವನು 1985ರಲ್ಲಿ ಹಳೆಯ ಸರಣಿ ಮುಗಿಯುವಾಗ ಬಂದವನು. ಆಗ ಅಮೆರಿಕದ ಅಂಗಡಿಗೆ ಅವನು ಬರಲೇ ಇಲ್ಲ. ಒಬ್ಬನೇ ಬಂದಿದ್ದರೆ ಅವನಿಗಾಗಿ ಯಾರು ಅಚ್ಚು ಹೂಡುತ್ತಿದ್ದರು? ನೌಕೆಯ ಖರ್ಚಿನಲ್ಲಿ ಅವನೂ ದಡ ಸೇರಿದ. ಹಾಗಂತ ಎಲ್ಲವೂ ಗೆಲ್ಲುವುದಿಲ್ಲ. 2021ರಲ್ಲಿ ಅದೇ ಕಂಪನಿ ರ‍್ಯಾಂಕರ್ ಅನ್ನುವ ಪ್ರಾಣಿಗೆ 9,000 ಜನರ ಗುರಿ ಇಟ್ಟಿತು. ಗುರಿ ಮುಟ್ಟಲಿಲ್ಲ, ಕೈಬಿಟ್ಟರು. ಗೊಂಬೆ ಬರಲಿಲ್ಲ ನಿಜ, ಆದರೆ ಮಾರಾಟವಾಗದ ಗೊಂಬೆಗಳ ರಾಶಿಯೂ ಗೋಡೌನಿನಲ್ಲಿ ಬಿದ್ದಿಲ್ಲ. ನಿಮ್ಮಂಥ ಸಣ್ಣ ಗುಂಪಿಗೆ ಇದಕ್ಕಿಂತ ಕ್ಷೇಮದ ದಾರಿ ಇಲ್ಲ.

ನಿಮಗೆ ಎಲ್ಲಕ್ಕಿಂತ ಹತ್ತಿರದ ಮಾದರಿ ಅಂದರೆ ಫೋರ್ ಹಾರ್ಸ್‌ಮೆನ್ ಅನ್ನುವ ಸಣ್ಣ ಶಿಲ್ಪಿಗಳ ತಂಡ. ದೊಡ್ಡ ಕಂಪನಿಗಳಿಗೆ ಮಾದರಿ ಕೆತ್ತಿಕೊಡುತ್ತಿದ್ದವರು 2015ರಲ್ಲಿ ಜನರಿಂದ ಮುಂಗಡ ಎತ್ತಿ ಮಿಥಿಕ್ ಲೀಜನ್ಸ್ ಅಂತ ಸ್ವಂತ ಸರಣಿ ತಂದರು. ಅದರ ತಲೆ, ತೋಳು, ಕವಚ ಎಲ್ಲವನ್ನೂ ಕಿತ್ತು ಒಬ್ಬನದನ್ನು ಇನ್ನೊಬ್ಬನಿಗೆ ಹಾಕಬಹುದು. ಕೆಲವೇ ಅಚ್ಚಿನಿಂದ ದೊಡ್ಡ ದಂಡೇ ಎದ್ದು ನಿಂತಿತು. ಸಿನಿಮಾ ಇಲ್ಲ, ಟೀವಿ ಇಲ್ಲ, ಪಾತ್ರಗಳ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಇನ್ನು ನಿಮ್ಮ ತೆಂಕುತಿಟ್ಟಿಗೆ ಬರೋಣ. ನಾನು ಇಷ್ಟು ಹೊತ್ತು ಹೇಳಿದ್ದನ್ನು ಮೇಳದವರು ಮೊದಲಿನಿಂದಲೂ ಮಾಡುತ್ತಾ ಬಂದಿದ್ದಾರೆ. ವೇಷ ಕಟ್ಟುವ ಚೌಕಿಯಲ್ಲಿ ಒಂದು ಸಲ ಕೂತು ನೋಡಿ. ಪಾತ್ರಕ್ಕೊಂದು ಬೇರೆ ಪೆಟ್ಟಿಗೆ ಅಲ್ಲಿ ಇರುವುದಿಲ್ಲ. ಅದೇ ಕಿರೀಟ, ಅದೇ ಭುಜಕೀರ್ತಿ, ಅದೇ ಎದೆಕಟ್ಟು ಇವತ್ತು ದೇವೇಂದ್ರ, ನಾಳೆ ಕರ್ಣ, ನಾಡಿದ್ದು ಇನ್ಯಾವುದೋ ರಾಜ. ಕಿರೀಟವೇಷ, ಪುಂಡುವೇಷ (ಎಳೆಯ ವೀರರದು), ಬಣ್ಣದ ವೇಷ (ರಾಕ್ಷಸರದು), ಸ್ತ್ರೀವೇಷ, ಹಾಸ್ಯ ಅಂತ ನಾಲ್ಕೈದು ಮೂಲ ಮೈಕಟ್ಟಿನಲ್ಲಿ ರಾಮಾಯಣ ಮಹಾಭಾರತದ ನೂರಾರು ಪಾತ್ರ ಎದ್ದು ಬರುತ್ತವೆ. ಗೊಂಬೆ ಮಾಡಲು ಇಷ್ಟು ಅನುಕೂಲವಾದ ಕಲೆ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ.

ಅಚ್ಚಿನ ಕಣ್ಣಿನಲ್ಲಿ ಇನ್ನೂ ಒಂದು ಅನುಕೂಲ ಇದೆ. ವೇಷದ ಕೆಳಭಾಗ ಪೂರ್ತಿ ಬಟ್ಟೆ. ತೊಡೆ, ಮಂಡಿಯ ಕೀಲು ಯಾವುದೂ ಕಾಣುವುದಿಲ್ಲ. ಅಲ್ಲಿ ಕೀಲು ಇಡುವ ಅಗತ್ಯವೇ ಇಲ್ಲ. ಭುಜದ ಕೀಲನ್ನು ಭುಜಕೀರ್ತಿ ಮುಚ್ಚುತ್ತದೆ. ಹಾಗಾಗಿ ಕುತ್ತಿಗೆ, ಎರಡು ಭುಜ, ಎರಡು ಮುಂಗೈ, ಸೊಂಟದಲ್ಲಿ ಒಂದು ತಿರುವು, ಇಷ್ಟು ಸಾಕು. ಐದೇ ಕೀಲಿನ ಹಳೆ ಶೈಲಿಯ ಗೊಂಬೆಗಳನ್ನು ಸೂಪರ್‌ಸೆವೆನ್ ಕಂಪನಿ ಇವತ್ತಿಗೂ ಮಾರುತ್ತಿದೆ. ಕೀಲು ಕಡಿಮೆಯಾದಷ್ಟೂ ಅಚ್ಚು ಅಗ್ಗ, ಅಷ್ಟೂ ಅಪರೂಪದ ಪಾತ್ರಕ್ಕೆ ಕೈಹಾಕಬಹುದು.

ನನ್ನ ಸಲಹೆ ಇಷ್ಟು. ಮೈಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ, ತಲೆಯನ್ನು ರೆಸಿನ್ನಿನಲ್ಲಿ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಮಾಡಿ. ಕಿರೀಟವೇಷದ ಒಂದು ಮೈಗೆ ಅಲ್ಯೂಮಿನಿಯಂ ಅಚ್ಚು ಹೂಡಿ. ಉಕ್ಕಿನಷ್ಟು ಬಾಳಿಕೆ ಇಲ್ಲದಿದ್ದರೂ ಕೆಲವು ಸಾವಿರ ಗೊಂಬೆಗೆ ಮೋಸವಿಲ್ಲ, ಕಡಿಯುವುದೂ ಬೇಗ. ಆ ಮೈಯಲ್ಲಿ ಹೆಚ್ಚು ಹೋಗುವ ನಾಲ್ಕು ಪಾತ್ರ ಮಾಡಿ. ಸಣ್ಣ ಪಾತ್ರಕ್ಕೆ ಬೇಕಾದ್ದು ತಲೆ ಮತ್ತು ಕೈಯಲ್ಲಿ ಹಿಡಿಯುವ ಒಂದು ಸಾಮಾನು ಮಾತ್ರ. ಅದನ್ನು ಸಿಲಿಕೋನ್ ಅಚ್ಚಿನಲ್ಲಿ ರೆಸಿನ್ ಸುರಿದು ಮನೆಯಲ್ಲೇ ತೆಗೆಯಬಹುದು. ಒಂದು ಸಿಲಿಕೋನ್ ಅಚ್ಚು 20ರಿಂದ 30 ತಲೆ ಕೊಡುತ್ತದೆ, ಆಮೇಲೆ ಹರಿಯಲು ಶುರುವಾಗುತ್ತದೆ. ಇನ್ನೊಂದು ಸುರಿದುಕೊಂಡರೆ ಆಯಿತು. ಕುತ್ತಿಗೆಯ ಗುಂಡು ಎಲ್ಲ ಗೊಂಬೆಗೂ ಒಂದೇ ಅಳತೆ ಇರಲಿ. 8 ಮಿ.ಮೀ. ಅಂತ ಇಟ್ಟುಕೊಂಡರೆ ಕೊನೆತನಕ ಅದನ್ನು ಬದಲಿಸಬೇಡಿ. ಎಬಿಎಸ್ ಪ್ಲಾಸ್ಟಿಕ್ ತಣಿಯುವಾಗ ಶೇಕಡ ಅರ್ಧದಷ್ಟು ಕುಗ್ಗುತ್ತದೆ, ರೆಸಿನ್ನಿನ ಕುಗ್ಗುವಿಕೆ ಬೇರೆ. ಮೊದಲ ಮೈ ಬಂದ ಮೇಲೆ ಅದಕ್ಕೆ ಕೂರಿಸಿ ನೋಡಿಯೇ ತಲೆಯ ತೂತಿನ ಅಳತೆ ಗಟ್ಟಿ ಮಾಡಿಕೊಳ್ಳಿ.

ಬಣ್ಣದ ವೇಷದ ಮುಖಕ್ಕೆ ರೆಸಿನ್ನೇ ಯಾಕೆ ಅಂದರೆ ಚುಟ್ಟಿ. ಅಕ್ಕಿಹಿಟ್ಟು ಸುಣ್ಣದಲ್ಲಿ ಇಟ್ಟ ಆ ಮುಳ್ಳುಗಳು ಕೆನ್ನೆಯಲ್ಲಿ ಒಂದು ಕಡೆಗೆ, ಹಣೆಯಲ್ಲಿ ಇನ್ನೊಂದು ಕಡೆಗೆ ಚಾಚಿರುತ್ತವೆ. ಗಟ್ಟಿ ಲೋಹದ ಅಚ್ಚು ನೇರವಾಗಿ ತೆರೆಯುತ್ತದೆ. ಅಡ್ಡಕ್ಕೆ ಚಾಚಿದ ಮುಳ್ಳು ಅದಕ್ಕೆ ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಇದಕ್ಕೆ ನಾವು ಅಂಡರ್‌ಕಟ್ ಅನ್ನುತ್ತೇವೆ. ಅದನ್ನು ಬಿಡಿಸಲು ಪಕ್ಕಕ್ಕೆ ಜಾರುವ ಸ್ಲೈಡರ್ ಇಡಬೇಕು. ಒಂದು ಮುಖಕ್ಕೆ ನಾಲ್ಕು ಸ್ಲೈಡರ್ ಇಟ್ಟರೆ ಅಚ್ಚಿನ ಬೆಲೆ ಎಲ್ಲಿಗೋ ಹೋಗುತ್ತದೆ. ಸಿಲಿಕೋನ್ ರಬ್ಬರಿನಂತೆ ಬಗ್ಗುತ್ತದೆ. ಮುಳ್ಳಿನ ಮೇಲಿಂದ ಮೆಲ್ಲಗೆ ಸುಲಿದು ತೆಗೆಯಬಹುದು. ಮುಳ್ಳಿನ ತುದಿಯಲ್ಲಿ ಗಾಳಿ ಗುಳ್ಳೆ ನಿಲ್ಲುತ್ತದೆ. ರೆಸಿನ್ ಸುರಿಯುವ ಮೊದಲು ತುದಿಗಳಿಗೆ ಬ್ರಶ್ಶಿನಲ್ಲಿ ಸ್ವಲ್ಪ ರೆಸಿನ್ ಹಚ್ಚಿ. ಮೂಲ ತಲೆಯನ್ನು ತ್ರೀಡಿ ಪ್ರಿಂಟ್ ಮಾಡಿದ್ದರೆ ಪ್ಲ್ಯಾಟಿನಂ ಬಗೆಯ ಸಿಲಿಕೋನ್ ಅದರ ಮೇಲೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು. ಟಿನ್ ಬಗೆಯದನ್ನು ತಗೊಳ್ಳಿ.

ನಿಮ್ಮ ಕಡೆಯ ಮಳೆಯ ವಿಷಯ ಹೇಳಲೇಬೇಕು. ಮೇಳಗಳ ತಿರುಗಾಟ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ನಿಲ್ಲುತ್ತದೆ, ಮಳೆಗಾಲದಲ್ಲಿ ಎಲ್ಲರಿಗೂ ಬಿಡುವು, ಆಗಲೇ ಗೊಂಬೆ ಮಾಡೋಣ ಅಂತ ಅನಿಸುತ್ತದೆ. ಆದರೆ ಪಾಲಿಯುರೆಥೇನ್ ರೆಸಿನ್ನಿಗೆ ತೇವ ಆಗುವುದಿಲ್ಲ. ಗಾಳಿಯ ತೇವ ಹೀರಿದರೆ ನೊರೆ ಬಂದು ಗೊಂಬೆಯ ತುಂಬ ತೂತು. ಕಾಸರಗೋಡಿನ ಜುಲೈಯಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿ ವಾರದಲ್ಲಿ ಕೆಟ್ಟುಹೋಗಬಹುದು. ಮಳೆಗಾಲದಲ್ಲಿ ತಲೆ ಕೆತ್ತುವುದು, ಸಿಲಿಕೋನ್ ಅಚ್ಚು ಮಾಡುವುದು ಮುಗಿಸಿ. ರೆಸಿನ್ ಸುರಿಯುವುದನ್ನು ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಮೇಳಗಳೂ ಮತ್ತೆ ಹೊರಡುತ್ತವೆ. ಹಿಂದಿನ ತಿರುಗಾಟದಲ್ಲಿ ಮುಂಗಡ ಬರೆಸಿಕೊಂಡವರಿಗೆ ಈ ತಿರುಗಾಟದಲ್ಲಿ ಗೊಂಬೆ ಕೊಡಬಹುದು. ಆಟ ನೋಡಲು ರಾತ್ರಿಯಿಡೀ ಕೂರುವವರಿಗೆ ಬಾಹುಕ ಯಾರು ಅಂತ ವಿವರಿಸಬೇಕಾಗಿಲ್ಲ. ಅಂಗಡಿಯವರಿಗೆ ಕಾಣದ ಗಿರಾಕಿಗಳು ಅಲ್ಲೇ ಕೂತಿರುತ್ತಾರೆ.

ಯಾರನ್ನು ಮೊದಲು ಮಾಡುವುದು? ದೇವಿ ಮಹಾತ್ಮೆ ಪ್ರಸಂಗದಿಂದ ಶುರು ಮಾಡಿ. ದೇವಿ, ಮಹಿಷಾಸುರ ಇಬ್ಬರೂ ಎಲ್ಲರಿಗೂ ಬೇಕಾದವರು, ಅಚ್ಚಿನ ಖರ್ಚು ಅವರು ಹೊರುತ್ತಾರೆ. ಚಂಡ-ಮುಂಡರನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಕೊಡಿ. ಇಬ್ಬರಿಗೂ ಮೈ ಒಂದೇ, ಬಣ್ಣ ಬೇರೆ, ತಲೆ ಬೇರೆ. ಒಬ್ಬನನ್ನೇ ಮಾರಲು ಹೋದರೆ ಅವನು ಮೂಲೆ ಸೇರುತ್ತಾನೆ, ಜೋಡಿಯಾದರೆ ಜನ ಕೊಳ್ಳುತ್ತಾರೆ. ಕೋಡಂಗಿಯನ್ನೂ, ಅವನಂತೆಯೇ ಆಟದ ಶುರುವಿನಲ್ಲಿ ಕುಣಿಯುವ ಬಾಲಗೋಪಾಲರನ್ನೂ ಮುಂಗಡ ಬರೆಸಿದವರಿಗೆ ಮಾತ್ರ ಕೊಡಿ.

ಇನ್ನೊಂದು ಆಸೆ ನನ್ನದು. ಗ್ಯಾಲಕ್ಟಸ್‌ನ ಹಾಗೆ ಪ್ರತಿ ಪೆಟ್ಟಿಗೆಯಲ್ಲೂ ಹಿಮ್ಮೇಳದ ಒಂದು ತುಂಡು ಇಡಿ. ಒಂದರಲ್ಲಿ ಚೆಂಡೆ, ಒಂದರಲ್ಲಿ ಮದ್ದಳೆ, ಒಂದರಲ್ಲಿ ಭಾಗವತರ ಮೈ, ಒಂದರಲ್ಲಿ ಮುಂಡಾಸಿನ ತಲೆ. ಎಲ್ಲ ಸೇರಿಸಿದರೆ ಭಾಗವತರು ಕೂತ ಹಿಮ್ಮೇಳ ಪೂರ್ತಿ. ಆಟ ನಡೆಸುವವರೇ ಭಾಗವತರು, ಅವರದೊಂದು ಗೊಂಬೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಅಳತೆ, ಬಟ್ಟೆಯ ಮಡಿಕೆ, ಆಭರಣದ ಪ್ರಮಾಣ ಇದಕ್ಕೆಲ್ಲ ದೂರ ಹೋಗಬೇಡಿ. ನಿಮ್ಮ ಕಾಸರಗೋಡಿನಲ್ಲೇ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇದೆ. ಆಳೆತ್ತರದ ವೇಷವನ್ನು ಕೈಯಲ್ಲಿ ಹಿಡಿಯುವ ಬೊಂಬೆಗೆ ಇಳಿಸುವಾಗ ಯಾವುದನ್ನು ಬಿಡಬೇಕು, ಯಾವುದನ್ನು ದೊಡ್ಡದು ಮಾಡಬೇಕು ಅಂತ ಅವರಿಗೆ ಗೊತ್ತು. ವಿನಯದಿಂದ ಕೇಳಿ ಕಲಿಯಿರಿ. ಬಣ್ಣ ಹಚ್ಚಲು ಮೇಳದಲ್ಲಿ ಮುಖವರ್ಣಿಕೆ ಬಲ್ಲವರನ್ನೇ ಕರೆಯಿರಿ, ಕೂಲಿ ಸರಿಯಾಗಿ ಕೊಡಿ. ಕಣ್ಣು, ಹಣೆಯ ನಾಮದಂಥ ಸಣ್ಣ ಗೆರೆ ಎಲ್ಲ ಗೊಂಬೆಯಲ್ಲೂ ಒಂದೇ ಥರ ಬರಬೇಕೆಂದರೆ ಮೊಹರಿನಂತೆ ಬಣ್ಣ ಒತ್ತುವ ಪ್ಯಾಡ್ ಪ್ರಿಂಟಿಂಗ್ ಮಾಡಿಸಬಹುದು. 300 ಗೊಂಬೆಗೆ ಕೈಬರಹವೇ ಚೆಂದ.

ಕಾನೂನಿನ ಮಾತು ಸ್ವಲ್ಪ. ಪುರಾಣದ ಪಾತ್ರ ಯಾರ ಸ್ವತ್ತೂ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನೀವು, ಆ ಹಳೆಯ ಪ್ರಸಂಗಗಳಿಗೆ ಯಾರ ಅನುಮತಿಯೂ ಬೇಡ. ಆದರೆ ಹೊಸ ಪ್ರಸಂಗಗಳ ವಿಷಯ ಬೇರೆ. ಕೃತಿಕಾರರು ತೀರಿಕೊಂಡು 60 ವರ್ಷದ ತನಕ ಹಕ್ಕು ಅವರ ಮನೆಯವರದು. ಒಬ್ಬ ಕಲಾವಿದರ ಮುಖವನ್ನೇ ಹೋಲುವಂತೆ ಗೊಂಬೆ ಮಾಡುವುದಾದರೆ ಅವರ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ. ನಿಮ್ಮ ಗೊಂಬೆಯ ರೂಪವನ್ನು ಬೇರೆಯವರು ನಕಲು ಮಾಡಬಾರದು ಅಂತಿದ್ದರೆ 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಣಿ ಮಾಡಿಸಿ. 10 ವರ್ಷ ರಕ್ಷಣೆ ಸಿಗುತ್ತದೆ, ಆಮೇಲೆ 5 ವರ್ಷ ಮುಂದುವರಿಸಬಹುದು. ನೋಂದಣಿಗೆ ಮೊದಲು ಫೋಟೊ ಎಲ್ಲೂ ಹಾಕಬೇಡಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ: ನೋಂದಣಿ ಇಲ್ಲದೆ ಅಚ್ಚಿನಲ್ಲಿ 50ಕ್ಕಿಂತ ಜಾಸ್ತಿ ತೆಗೆದರೆ, ಅಂಥ ವಿನ್ಯಾಸದ ಮೇಲೆ ಕೃತಿಸ್ವಾಮ್ಯದ ಹಕ್ಕೂ ಹೋಗುತ್ತದೆ.

2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುವೆಲ್ಲ ಅದರಡಿ ಬರುತ್ತದೆ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ನಿಮ್ಮದು ದೊಡ್ಡವರ ಸಂಗ್ರಹಕ್ಕೆ ಅಂತಾದರೆ ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಬರೆಯಿರಿ, ಮಕ್ಕಳ ಅಂಗಡಿಗೆ ಕೊಡಬೇಡಿ. ಚುಟ್ಟಿಯ ಮುಳ್ಳು ಮುರಿದರೆ ಪುಟ್ಟ ಮಗುವಿನ ಬಾಯಿಗೆ ಹೋಗುವಷ್ಟೇ ಗಾತ್ರ. ಇದರಲ್ಲಿ ಮಾತ್ರ ರಾಜಿ ಬೇಡ.

ನಿಮ್ಮ ಪಟ್ಟಿಯಲ್ಲಿ ದೈವಗಳಿಲ್ಲ, ಅದು ಒಳ್ಳೆಯದಾಯಿತು. ಭೂತ, ತೆಯ್ಯಂ ವೇಷ ನೋಡಲು ಎಷ್ಟೇ ಸೊಗಸಾದರೂ ಅದು ಆರಾಧನೆ. ಆ ಮನೆತನದವರು, ಕಟ್ಟುವವರು ಮನಸಾರೆ ಒಪ್ಪದೆ ಅದಕ್ಕೆ ಕೈಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪೆಟ್ಟಿಗೆಯ ಹಿಂದಿನ ಚೀಟಿ ಮರೆಯಬೇಡಿ. ದೂತನಿಗೂ ನಾಲ್ಕು ಸಾಲು ಬರೆಯಿರಿ. ಯಾವ ಪ್ರಸಂಗ, ಯಾರ ಆಸ್ಥಾನ, ಯಾವ ಸುದ್ದಿ ಹೊತ್ತು ಬರುತ್ತಾನೆ, ಅವನು ಬಾಯಿ ಬಿಟ್ಟರೆ ಜನ ಯಾಕೆ ನಗುತ್ತಾರೆ. ಮುಂಬೈಯಲ್ಲೋ ದುಬೈಯಲ್ಲೋ ಬೆಳೆಯುತ್ತಿರುವ ನಿಮ್ಮ ಊರಿನ ಮಕ್ಕಳಿಗೆ ಆ ಚೀಟಿ ಓದಿಯೇ ದೂತನ ಪರಿಚಯವಾಗಬೇಕು.

ಮೊದಲು ಕಿರೀಟವೇಷದ ಮೈಯ ಡ್ರಾಯಿಂಗ್ ಮಾಡಿಸಿ, ಮುಂದೆ, ಹಿಂದೆ, ಪಕ್ಕ ಮೂರೂ ಕಡೆಯದು. ಅದನ್ನು ನನಗೆ ಕಳಿಸಿ. ಅಚ್ಚಿನ ಎರಡು ಹೋಳು ಎಲ್ಲಿ ಕೂಡಬೇಕು, ಎಲ್ಲಿ ಅಂಡರ್‌ಕಟ್ ಬರುತ್ತದೆ ಅಂತ ಕೆಂಪು ಗೆರೆ ಹಾಕಿ ವಾಪಸ್ ಕಳಿಸುತ್ತೇನೆ. ಅದಕ್ಕೆ ದುಡ್ಡು ಬೇಡ. ಕೋಡಂಗಿಯ ತಲೆಯ ಮೊದಲ ಎರಕದಲ್ಲಿ ಒಂದು ನನಗೆ ಎತ್ತಿಡಿ.